ಟೇಪ್ ಹಚ್ಚಿದ ಹೆಡ್

ನವೆಂಬರ್ 4, ಮಂಗಳವಾರ

ಮಾದಸ್ವಾಮಿಯ ಜೀಪಿನ ಎಂಜಿನ್ ಹೆಡ್ ಸೋರುತ್ತಿದೆ. ಹನೂರಿನ ಶೆಡ್ಡಿನಿಂದ ಉದಯಕುಮಾರ್ ಫೋನ್ ಮಾಡಿ ತಿಳಿಸಿದ. ಎಂಟು ವಾಲ್ವ್‌ನಲ್ಲಿ ಐದು ಸರಿಯಾಗಿ ಕೂರುತ್ತಿಲ್ಲ.

ನಿನ್ನೆ ಇಲ್ಲಿ, ಕೊಳ್ಳೇಗಾಲದಲ್ಲಿ, ಒಂದು ಹನಿಯೂ ಸೋರಿರಲಿಲ್ಲ. ಗಾಳಿ ಹಾಯುವ ಪೋರ್ಟ್ ಒಳಗಿನ ಏರುತಗ್ಗು ಉಜ್ಜಿ ತೆಗೆದು, ವಾಲ್ವ್ ಕೂರುವ ಸೀಟ್ ಕೊಯ್ದು, ಅರೆಯುವ ಪೇಸ್ಟ್ ಹಚ್ಚಿ ವಾಲ್ವ್ ತಿರುವಿ ಲ್ಯಾಪ್ ಮಾಡಿ, ತೊಳೆದು, ಪೆಟ್ರೋಲ್ ಹುಯ್ದು ನೋಡಿದ್ದು ನಾನೇ. ವ್ಯಾಕ್ಯೂಮ್ ಕ್ಲೀನರ್ ಹಚ್ಚಿ ಗಾಳಿ ಎಳೆಸಿದಾಗ ಅಳತೆ ಪೈಪಿನ ಬಣ್ಣದ ನೀರು ಮೊದಲಿಗಿಂತ ಎರಡು ಇಂಚು ಕಡಿಮೆ ಏರಿತು. ಅಂದರೆ ಗಾಳಿಗೆ ದಾರಿ ಅಷ್ಟು ಸಲೀಸಾಗಿದೆ.

"ಅಣ್ಣ, ಸೀಟ್ ಮೇಲೆಲ್ಲ ಬೂದು ಬೂದು ಐತೆ. ಪೇಸ್ಟ್ ತೊಳ್ದೇ ಇಲ್ಲ ಕಣಣ್ಣ ನೀವು."

"ತೊಳ್ದಿವ್ನಿ ಕಣ್ಲಾ."

"ಅಂಗಾರೆ ಪೇಸ್ಟೇ ಬಸ್ ಅತ್ಕಂಡ್ ಅನೂರ್ಗೆ ಬಂತಾ?"

ನಕ್ಕ. ನಾನು ನಗಲಿಲ್ಲ. ದೀಪಾವಳಿ ಆದ ಮೇಲೆ ಹೀಗೆ ಸೋರಿದ ಮೂರನೆಯ ಹೆಡ್ ಇದು. ಅದಕ್ಕೆ ಮೊದಲು ಒಂದೂ ಇಲ್ಲ.

ನಮ್ಮಿಬ್ಬರ ಕಟ್ಟುಪಾಡು: ಸೀಟ್ ತೊಳೆದು, ವಾಲ್ವ್ ಇಟ್ಟು ಬಸ್ಸಿಗೆ ಹಾಕಿ ಕಳಿಸುವುದು ನಾನು. ಸ್ಪ್ರಿಂಗ್ ಹಾಕಿ, ಎಂಜಿನ್‌ಗೆ ಕಟ್ಟಿ, ಗಾಡಿಯನ್ನು ಬೆಟ್ಟದ ರಸ್ತೆಗೆ ಹತ್ತಿಸಿ ನೋಡುವುದು ಉದಯ. ಕಟ್ಟುವವನು ಸೀಟಿಗೆ ಬಟ್ಟೆ ಸೋಕಿಸುವಂತಿಲ್ಲ — ಎಳೆ ಉಳಿಯುತ್ತದೆ. ನಿಯಮ ನನ್ನದು. ಎಂಟು ವರ್ಷ ಪಾಲಿಸಿದ್ದಾನೆ.

ನವೆಂಬರ್ 6, ಗುರುವಾರ

ಮಾದಸ್ವಾಮಿ ಬಂದಿದ್ದ. ಲೊಕ್ಕನಹಳ್ಳಿ–ಒಡೆಯರಪಾಳ್ಯ ಟ್ರಿಪ್ ನಿಂತಿದೆ ಎಂದು ಗೊಣಗಿದ. ಹೋಗುವಾಗ ಬಾಗಿಲಲ್ಲಿ ನಿಂತು —

"ನಿಮ್ ಉದಯ ಯಳಂದೂರಲ್ಲಿ ಶೆಡ್ ನೋಡ್ತಾವ್ನಂತಲ್ಲ ಸಾ?"

"ಯಾರಂದ್ರು?"

"ಶೆಡ್ ಓನರೇ. ನನ್ ಷಡ್ಕ."

ಉದಯ ನನಗೆ ಹೇಳಿಲ್ಲ. ಪೇಸ್ಟಿನ ಡಬ್ಬಿ ಅವನ ಹತ್ತಿರವೂ ಇದೆ. ನನ್ನ ಕೆಲಸ ಕೆಟ್ಟಿತೆಂದು ಸುದ್ದಿಯಾದರೆ ಗಿರಾಕಿಗಳು ಯಾರ ಹತ್ತಿರ ಹೋಗುತ್ತಾರೆ?

ಉದಯ ಯಾಕೆ ಊಟಕ್ಕೆ ಬರುತ್ತಿಲ್ಲ ಎಂದು ಅವ್ವ ಕೇಳಿದಳು. ಕೆಲಸ ಜಾಸ್ತಿ ಅಂದೆ.

ನವೆಂಬರ್ 9, ಭಾನುವಾರ

ಅದೇ ಹೆಡ್ ವಾಪಸ್ ತರಿಸಿದ್ದೆ. ಮತ್ತೆ ಲ್ಯಾಪ್ ಮಾಡಿ, ತೊಳೆದು, ಪೆಟ್ರೋಲ್ ಹುಯ್ದೆ. ಸೋರಿಕೆ ಇಲ್ಲ.

ಈ ಸಲ ಪ್ರತಿ ವಾಲ್ವ್ ಮೇಲೂ ಟೇಪ್ ಹಚ್ಚಿದೆ. ಟೇಪಿನ ಮೇಲಿಂದ ಹೆಡ್ಡಿನ ಮೇಲಕ್ಕೆ ಮಾರ್ಕರ್‌ನಲ್ಲಿ ಒಂದೇ ಗೆರೆ. ಬಿಚ್ಚಿ ಮತ್ತೆ ಹಚ್ಚಿದರೆ ಗೆರೆ ಕೂಡುವುದಿಲ್ಲ. ಅವನಿಗೆ ಹೇಳಿಲ್ಲ. ಗೋಣಿಯಲ್ಲಿ ಸುತ್ತಿ, ಎಂದಿನಂತೆ ಪಡಸಾಲೆಯ ಬೆಂಚಿನ ಮೇಲಿಟ್ಟಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹಾಕುವುದು. ಅದರ ನಂತರದ ಬಸ್ಸಿಗೆ ನಾನು.

ನವೆಂಬರ್ 10, ಸೋಮವಾರ

ಗೆರೆ ಕೂಡಿಲ್ಲ. ಎಂಟರಲ್ಲೂ.

ನಾನು ಹನೂರು ಮುಟ್ಟುವಷ್ಟರಲ್ಲಿ ಉದಯ ಗೋಣಿ ಬಿಚ್ಚಿಟ್ಟಿದ್ದ.

"ಟೇಪ್ ಯಾರ್ ಬಿಚ್ಚಿದ್ದು?"

"ಬರ್ವಾಗ್ಲೇ ಅಂಗಿತ್ತು ಕಣಣ್ಣ. ಗೋಣಿ ತಗ್ದು ಮಡಗಿವ್ನಿ, ಅಷ್ಟೇಯ."

"ಯಳಂದೂರ್ ಶೆಡ್ಡೂ ಅಂಗೇ ಬಂತಾ?"

ಸ್ಪ್ಯಾನರ್ ಒರೆಸುತ್ತ ನಿಂತ. ಒರೆಸಿದ್ದನ್ನೇ ಒರೆಸಿದ.

"ಎರಡ್ನೇ ಬ್ರಾಂಚ್ ಮಾಡವ ಅಂತ ನೋಡ್ದೆ. ಬೋರ್ಡ್‌ಗೆ ನಿಮ್ ಎಸ್ರೇ ಬರ್ಸವ ಅಂತಿದ್ದೆ. ಈಗ ನನ್ದೇ ಬರುಸ್ಕತೀನಿ ಬುಡಿ."

ನಂಬಲಿಲ್ಲ. ನಂಬುವುದಕ್ಕೆ ಆಧಾರ ಏನಿದೆ? ಗೆರೆ ಕಣ್ಣೆದುರಿಗಿತ್ತು.

ಕಟ್ಟುವುದಕ್ಕೆ ಅವನಂಥ ಕೈ ಈ ಕಡೆ ಇನ್ನೊಂದಿಲ್ಲ. ಅದೂ ನಿಜ.

ನವೆಂಬರ್ 22, ಶನಿವಾರ

ಶಿವನಂಜಯ್ಯನವರ ಟೆಂಪೋ ಹೆಡ್ ಸೋರುತ್ತಿದೆ.

ಉದಯ ಯಳಂದೂರಿಗೆ ಹೋಗಿ ವಾರ ಕಳೆಯಿತು. ಈಗ ಕಟ್ಟುವುದೂ ನಾನೇ. ಈ ಹೆಡ್ ಹನೂರಿಗೆ ಹೋಗಿಲ್ಲ. ಬಸ್ ಹತ್ತಿಲ್ಲ. ನಿನ್ನೆ ಸಂಜೆ ತೊಳೆದು ಇಟ್ಟಲ್ಲೇ, ಬೆಂಚಿನ ಮೇಲೆಯೇ ಇತ್ತು. ಬೆಳಿಗ್ಗೆ ಸ್ಪ್ರಿಂಗ್ ಹಾಕಿ ಪೆಟ್ರೋಲ್ ಹುಯ್ದೆ — ತೊಟ್ಟಿಕ್ಕಿತು.

ವಾಲ್ವ್ ಬಿಚ್ಚಿದೆ. ಸೀಟಿನ ಮೇಲೆ ಬೂದು. ಬೆರಳಲ್ಲಿ ತಿಕ್ಕಿ ನೋಡಿದೆ. ಪೇಸ್ಟ್ ಜಿಡ್ಡಾಗಿರುತ್ತದೆ. ಇದು ಒಣಗಿತ್ತು. ಹಣೆಗೆ ಹಚ್ಚುವ ವಿಭೂತಿ.

"ಅವ್ವ, ಬೆಂಚಿನ್ ಮೇಲಿರೋದ ಮುಟ್ಟಿದ್ಯಾ?"

"ಮುಟ್ಟುದ್ರೆ ಏನೀಗ? ದೀಪಾವಳಿಗೆ ಬೆಟ್ಟದಿಂದ ತಂದ್ನಲ್ಲ ಮಾದಪ್ಪನ್ ಈಬೂತಿ, ಅದ್ನೇಯ. ಆ ಕಬ್ಣದ್ ಬಿಲ್ಲೆ ಎತ್ತಿ ಅಡೀಲಿ ಒಂದೊಂದ್ ಚಿಟ್ಕೆ ಇಡ್ತೀನಿ. ಮೇಲಿಟ್ರೆ ನೀನು ಒರ್ಸಾಕ್ಬುಡ್ತೀಯ."

"ಯಾಕವ್ವ?"

"ಗಾಡಿ ರೆಡಿಯಾದ್ ಮ್ಯಾಲೆ ಮೊದ್ಲು ಬೆಟ್ಟ ಅತ್ಸಾನು ಉದಯ ಅಲ್ವಾ? ಓದ್ಸಲ ತಿರುವಲ್ಲಿ ಒಂದ್ ಜೀಪು ಮಗುಚ್ಕಂಡಿತ್ತು ಕನಪ್ಪ, ಬಸ್ಸಿಂದ ನೋಡ್ದೆ. ಆ ಮಗೀಗೆ ಏನೂ ಆಗ್ಬಾರ್ದು ಅಂತ."

"ಟೇಪ್ ಹಚ್ಚಿತ್ತಲ್ಲ?"

"ಬಿಚ್ಚಿ ತಿರ್ಗಾ ಅಂಗೇ ಅಂಟುಸ್ದೆ. ನಿನ್ ಕೆಲ್ಸ ಕೆಡ್ಸಕಾದದಾ?"

ಉದಯ ನಮ್ಮನ್ನು ಬಿಟ್ಟು ಹೋದದ್ದು ಅವ್ವನಿಗೆ ಗೊತ್ತಿಲ್ಲ. ನಾನು ಹೇಳಿರಲಿಲ್ಲ.

ನವೆಂಬರ್ 23, ಭಾನುವಾರ

ಉದಯ ಫೋನ್ ಎತ್ತುತ್ತಿಲ್ಲ. ಈಗ ಸೀಟ್‌ಗಳನ್ನು ಅವನೇ ತೊಳೆದುಕೊಳ್ಳುತ್ತಾನಂತೆ — ಮಾದಸ್ವಾಮಿ ಹೇಳಿದ. ಜೀಪನ್ನೂ ಅವನ ಹತ್ತಿರವೇ ಕಟ್ಟಿಸಿದ್ದಾನೆ. ಚೆನ್ನಾಗಿ ಎಳೆಯುತ್ತಿದೆಯಂತೆ. ಪೋರ್ಟ್ ಕೆಲಸ ನನ್ನದು ಎಂದು ಹೇಳಲು ಬಾಯಿ ಬರಲಿಲ್ಲ.

ಅವ್ವನಿಗೆ ಎಲ್ಲ ಹೇಳಿದೆ. "ಅವುನ್ನ ಕೇಳಕ್ಮುಂಚೆ ನನ್ನೊಂದ್ ಮಾತ್ ಕೇಳ್ನಿಲ್ವಲ್ಲೋ," ಅಂದಳು. ಆಮೇಲೆ ಎದ್ದು, ನಾಳೆ ಉಡುವ ಸೀರೆ ತೆಗೆದಿಟ್ಟಳು.

ಶಿವನಂಜಯ್ಯನವರ ಹೆಡ್ ತೊಳೆದಿಲ್ಲ. ವಿಭೂತಿ ಇದ್ದ ಹಾಗೇ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ಉದಯ ನೋಡಬೇಕು.

ಬೆಳಿಗ್ಗೆ ಎಂಟಕ್ಕೆ ಯಳಂದೂರು ಬಸ್.