ಜಗಳೂರು ಕೆರೆಯ ಆಮೆ

ಚನ್ನಗಿರಿ,
ಶನಿವಾರ

ಗುರುಗಳಾದ ಬಸವರಾಜಪ್ಪನವರಿಗೆ ಧನುಶ್ರೀಯ ನಮಸ್ಕಾರಗಳು.

ಸರ್, ನೀವು ಕೊಟ್ಟ ಆಮೆ ರಕ್ತದ ಮಾದರಿಯಿಂದ ಮೈಟೊಕಾಂಡ್ರಿಯಾ ಜೀನೋಮ್ ಓದಿ ಮುಗಿಸಿದ್ದೇನೆ. ತಾಯಿಯಿಂದ ಮಾತ್ರ ಬರುವ ಆ ಡಿಎನ್‌ಎ ಹೋಲಿಕೆಗೆ ತೆಗೆದುಕೊಂಡ ನಮ್ಮ ಕಡೆಯ ಹೊನ್ನಾಳಿ ಹೊಳೆಯ ಆಮೆಗಳ ವಂಶಕ್ಕೆ ಎಲ್ಲೂ ಹೊಂದಲಿಲ್ಲ. ಗಂಗಾ ನದಿಯ ಆಮೆಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ನೀವು ಇದನ್ನು ಜಗಳೂರಿನ ಕೆರೆಯಲ್ಲಿ ಹಿಡಿದ ಹೊಸ ಜಾತಿಯೆಂದು ಪ್ರಬಂಧದಲ್ಲಿ ಬರೆಯಲು ಹೇಳಿದ್ದಿರಿ.

ನಿನ್ನೆ ಆ ಕೆರೆಗೆ ಹೋಗಿದ್ದೆ. ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಉಡಚಮ್ಮ ಎಂಬ ಅಜ್ಜಿಗೆ ನಿಮ್ಮ ನೆನಪಿದೆ.

"ಅವ್ರು ಆಮೆ ಹಿಡೀಲಿಲ್ಲ ಬಿಡವ್ವ. ಕಾರಿಂದ ಡಬ್ಬ ಇಳಿಸಿ, ನೀರಂಚಿಗೆ ಆಮೆ ಬಿಟ್ಟು, ಫೋಟೊ ತಕ್ಕಂಡು, ಮತ್ತೆ ಡಬ್ಬಕ್ಕೆ ಹಾಕ್ಕಂಡು ಹೋದ್ರು" ಎಂದರು.

ಅಜ್ಜಿಯ ಕಣ್ಣು ಮಂಜಾಗಿರಬಹುದು ಎಂದುಕೊಂಡೇ ಬಸ್ಸಿನಲ್ಲಿ ವಾಪಸು ಬಂದೆ. ಆದರೆ ಜೀನೋಮ್ ಕೂಡ ಅದನ್ನೇ ಹೇಳುತ್ತಿದೆ. ಗಂಗೆಯ ಆಮೆಗಳನ್ನು ಕದ್ದು ಮಾರುವವರಿದ್ದಾರೆ ಎಂದು ಪಾಠದಲ್ಲಿ ಹೇಳಿದವರೂ ನೀವೇ.

ಪ್ರಬಂಧದಿಂದ ನನ್ನ ಹೆಸರು ತೆಗೆಯಿರಿ. ಆಮೆ ಯಾರಿಂದ ಬಂತೆಂದು ನಾನು ಕೇಳುವುದಿಲ್ಲ, ಸೋಮವಾರ ಅರಣ್ಯ ಇಲಾಖೆಯವರು ಬಂದು ಕೇಳುತ್ತಾರೆ. ಅಲ್ಲಿಯವರೆಗೆ ದಯವಿಟ್ಟು ನಿಮ್ಮಲ್ಲಿರುವ ಆಮೆಯನ್ನು ನೆರಳಿನಲ್ಲಿಟ್ಟು, ದಿನಾ ನೀರು ಬದಲಿಸಿ.

ನಿಮ್ಮ ವಿದ್ಯಾರ್ಥಿನಿ,
ಧನುಶ್ರೀ