ಮೊಹರು ಹಾಕಿದ ಲಿಫ್ಟು, ಐವತ್ತೇಳು ಮೆಟ್ಟಿಲು

ಮಾನ್ಯರೇ,

ಲಿಫ್ಟುಗಳಿಗೆ ಪರವಾನಗಿ ಕೊಡುವ, ಪರವಾನಗಿ ಇಲ್ಲದಿದ್ದರೆ ಮೊಹರು ಹಾಕುವ ಅಧಿಕಾರ ನಿಮ್ಮದು. ಗದಗ-ಬೆಟಗೇರಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ನಿಮ್ಮ ಕಚೇರಿ ಮೊಹರು ಹಾಕಿ ಇಂದಿಗೆ ಐದು ತಿಂಗಳು, ಹನ್ನೊಂದು ದಿನ. ಇಷ್ಟು ದಿನಗಳಲ್ಲಿ ಮೂರನೆಯ ಮಹಡಿಯಲ್ಲಿರುವ ನನ್ನ ಅಕ್ಕ ನೆಲಕ್ಕೆ ಕಾಲಿಟ್ಟಿದ್ದು ಒಂದೇ ಒಂದು ಸಲ. ಆ ಸಲ ಅವಳು ಹೇಗೆ ಇಳಿದಳು, ಹೇಗೆ ಹತ್ತಿದಳು ಎಂಬುದು ನಿಮಗೆ ಗೊತ್ತಾಗಬೇಕು. ನಿಮ್ಮ ಕಚೇರಿಗೆ ನಾನು ಕೊಟ್ಟ ನಾಲ್ಕು ಅರ್ಜಿಗಳಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ. ನಿಮ್ಮ ನಮೂನೆಯಲ್ಲಿ ಲಿಫ್ಟು ಹೊರುವ ಭಾರ ಕೇಳುತ್ತಾರೆ, ಏರುವ ಎತ್ತರ ಕೇಳುತ್ತಾರೆ, ತಂತಿಹಗ್ಗದ ದಪ್ಪ ಕೇಳುತ್ತಾರೆ. ಅದರಲ್ಲಿ ಯಾರು ಹತ್ತುತ್ತಾರೆ ಎಂದು ಎಲ್ಲಿಯೂ ಕೇಳುವುದಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯಬೇಕಾಯಿತು.

ನಾನು ಮುಂಡರಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳಲ್ಲಿ, ಆಮೇಲೆ ಶಿರಹಟ್ಟಿಯಲ್ಲಿ, ಒಟ್ಟು ಮೂವತ್ತಮೂರು ವರ್ಷ ಆರೋಗ್ಯ ಸಹಾಯಕಿಯಾಗಿ ದುಡಿದವಳು. ಮದುವೆಯಾಗಲಿಲ್ಲ. ಅಕ್ಕ ಶಂಕ್ರೆವ್ವನಿಗೆ ಈಗ ಎಪ್ಪತ್ತನಾಲ್ಕು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಲಕ್ಷ್ಮೇಶ್ವರದ ತವರಿಗೆ ಬಂದವಳು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಕುಳಿತಳು. ಊರಿನ ಅರ್ಧ ಹೆಣ್ಣುಮಕ್ಕಳ ಕುಪ್ಪಸ ಅವಳ ಕೈಯಲ್ಲೇ ಹೊಲಿದದ್ದು. ಯಾರ ಮುಂದೆಯೂ ಕೈ ಚಾಚದೆ, ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ಬದುಕಿದಳು. ನಲವತ್ತು ವರ್ಷ ಯಂತ್ರ ತುಳಿದು ಎರಡೂ ಮೊಣಕಾಲು ಸವೆದುಹೋದವು.

ನಾನು ನಿವೃತ್ತಳಾಗಿ ಬಂದಾಗ ಅಪ್ಪ ಕಟ್ಟಿದ ಆ ಏಳು ಕೋಣೆಯ ಮನೆಯಲ್ಲಿ ಇದ್ದವರು ನಾವಿಬ್ಬರೇ. ಎರಡು ಕೋಣೆಯಲ್ಲಿ ಇರುತ್ತಿದ್ದೆವು, ಐದು ಕೋಣೆಯ ಕಸ ಹೊಡೆಯುತ್ತಿದ್ದೆವು. ಶೌಚಾಲಯ ಹಿತ್ತಲಲ್ಲಿ, ಆರು ಕಲ್ಲಿನ ಮೆಟ್ಟಿಲು ಇಳಿದು ಹೋಗಬೇಕು. ಒಂದು ಮಳೆಗಾಲದ ಬೆಳಗ್ಗೆ ಅಕ್ಕ ಅಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಪಟ್ಟಿ ಬಿಚ್ಚುವ ಹೊತ್ತಿಗೆ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಮನೆ ಮಾರುವುದು, ಗದಗಿನಲ್ಲಿ ಎರಡು ಕೋಣೆಯ ಫ್ಲ್ಯಾಟು ತೆಗೆದುಕೊಳ್ಳುವುದು. ಆಸ್ಪತ್ರೆ ಹತ್ತಿರ, ಒಳಗೇ ಶೌಚಾಲಯ, ಸಮನಾದ ನೆಲ.

"ಮೂರನೇ ಮಜಲಿನ್ಯಾಗ ಇರಾಕ ನಾ ಏನ್ ಪಾರಿವಾಳ ಏನ?" ಅಂದಳು ಅಕ್ಕ.

"ಲಿಫ್ಟ್ ಐತೆಕ್ಕಾ. ಗುಂಡಿ ಒತ್ತಿದ್ರ ಆತು, ಅದ ನಿನ್ನ ಒಯ್ತೈತಿ."

"ಕರೆಂಟ್ ಹೋದ್ರ?"

"ಜನರೇಟರ್ ಐತಿ."

"ಅದೂ ಕೆಟ್ರ?"

"ಕೆಟ್ರ ರಿಪೇರಿ ಮಾಡಸ್ತಾರ."

ಕರೆಂಟಿನ ವಿಚಾರ ಮಾಡಿದೆವು, ಜನರೇಟರಿನ ವಿಚಾರ ಮಾಡಿದೆವು. ಎಲ್ಲ ಸರಿಯಿದ್ದೂ ಲಿಫ್ಟು ನಿಲ್ಲಬಹುದು, ಅದಕ್ಕೊಂದು ಕಚೇರಿಯೇ ಇದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಏಳು ಕೋಣೆಯನ್ನು ಎರಡು ಕೋಣೆಗೆ ಇಳಿಸುವುದೆಂದರೆ ಏನೆಂದು ಮಾಡಿದವರಿಗೇ ಗೊತ್ತು. ಅಪ್ಪನ ಮಂಚ ಹೊಸ ಮನೆಯ ಬಾಗಿಲಲ್ಲಿ ಹಿಡಿಯುತ್ತಿರಲಿಲ್ಲ. ನೀರು ಕಾಯಿಸುವ ತಾಮ್ರದ ಹಂಡೆಗೆ ಒಲೆಯೇ ಇರಲಿಲ್ಲ. ಒಂದೊಂದನ್ನೂ ಒಬ್ಬೊಬ್ಬರಿಗೆ ಕೊಟ್ಟೆವು. ಅಕ್ಕ ಬೇಕೆಂದು ಕೇಳಿದ್ದು ಹೊಲಿಗೆ ಯಂತ್ರ ಒಂದನ್ನೇ. ಅದನ್ನಿಟ್ಟರೆ ಎರಡನೆಯ ಮಂಚಕ್ಕೆ ಜಾಗ ಸಾಲದು ಎಂದು ನಾನು ಅಳತೆಪಟ್ಟಿ ಹಿಡಿದು ತೋರಿಸಿದೆ. ಅವಳು ವಾದ ಮಾಡಲಿಲ್ಲ. ಯಂತ್ರಕ್ಕೆ ಎಣ್ಣೆ ಬಿಟ್ಟು, ಒರೆಸಿ, ತನ್ನ ಹತ್ತಿರ ಹೊಲಿಗೆ ಕಲಿತ ನಿಶಾತಳನ್ನು ಕರೆಸಿ ಕೊಟ್ಟಳು. ಆ ಹುಡುಗಿ ಯಂತ್ರವನ್ನು ಗಾಡಿಗೆ ಹೇರಿಸಿಕೊಂಡು ಹೋದ ಮೇಲೆ, "ಕೈಯಾಗ ಸೂಜಿ ಐತಲ್ಲ, ಸಾಕ ಬಿಡ" ಅಂದಳು. ನಾನು ವಾದದಲ್ಲಿ ಗೆದ್ದೆನೆಂದುಕೊಂಡಿದ್ದೆ.

ಸತ್ಯ ಹೇಳುತ್ತೇನೆ, ಮೊದಲ ಎಂಟು ತಿಂಗಳು ನಾನು ಗೆದ್ದಿದ್ದೆ ಕೂಡ. ಮೊದಲ ದಿನ ಲಿಫ್ಟಿನಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದವಳು, ವಾರದೊಳಗೆ ತಾನೊಬ್ಬಳೇ ಗುಂಡಿ ಒತ್ತಿ ಇಳಿಯತೊಡಗಿದಳು. ದಿನಾ ನಾಲ್ಕು ಗಂಟೆಗೆ ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಹೋಗಿ ಕೂರುವುದು, ತಳ್ಳುಗಾಡಿಯವನ ಹತ್ತಿರ ಮೆಂತ್ಯಪಲ್ಲೆ ಚೌಕಾಸಿ ಮಾಡುವುದು, ಮೊದಲನೆಯ ಮಹಡಿಯ ಫಕೀರಬಿಯ ಜೊತೆ ಸಂಜೆಯವರೆಗೆ ಹರಟೆ. ಶಿಗ್ಲಿಯಲ್ಲಿ ಅಕ್ಕನ ಬಾಲ್ಯದ ಗೆಳತಿ ಗುರುಸಿದ್ದವ್ವ ಇದ್ದಳು. ಅವಳಿಗೆ ಫೋನು ಮಾಡಿ, "ಗುರಸಿದ್ದೀ, ಒಂದ ಸಲ ಬಾ. ನಿನ್ನ ನಿಲ್ಲಿಸಿಕೊಂಡು ಮ್ಯಾಲ ಕೆಳಗ ತಿರುಗಾಡಸ್ತೀನಿ" ಅನ್ನುತ್ತಿದ್ದಳು. ಏಳು ಕೋಣೆ ಬಿಟ್ಟು ಬಂದವಳಿಗೆ ಆ ಚೌಕ ಪೆಟ್ಟಿಗೆಯೇ ಎಂಟನೆಯ ಕೋಣೆಯಾಗಿತ್ತು.

ಜೂನ್ ತಿಂಗಳಲ್ಲಿ ನಿಮ್ಮ ಸಿಬ್ಬಂದಿ ಬಂದರು. ಕಟ್ಟಡ ಕಟ್ಟಿದವರು ಎರಡು ವರ್ಷದಿಂದ ಪರವಾನಗಿ ನವೀಕರಿಸಿಲ್ಲ ಎಂದರು, ಬಾಗಿಲಿಗೆ ಅರಗಿನ ಮೊಹರು ಹಾಕಿದರು, "ಸಾರ್ವಜನಿಕರ ಸುರಕ್ಷತೆಯ ಹಿತದೃಷ್ಟಿಯಿಂದ" ಎಂಬ ನೋಟಿಸು ಅಂಟಿಸಿ ಹೋದರು. ಇದರಲ್ಲಿ ನಾನು ತಪ್ಪು ಹುಡುಕುವುದಿಲ್ಲ. ಮೂವತ್ತಮೂರು ವರ್ಷ ನೀರು ಕಾಯಿಸಿ ಕುಡಿಯಿರಿ ಎಂದು ಮನೆಮನೆಗೆ ಹೇಳುತ್ತ ತಿರುಗಿದವಳು ಸುರಕ್ಷತೆಯ ವಿರುದ್ಧ ಮಾತಾಡಲಾರೆ. ಕಟ್ಟಿದವರ ತಪ್ಪಿಗೆ ಇರುವವರು ಓಡಾಡಿದೆವು. ಇಪ್ಪತ್ತು ದಿನದೊಳಗೆ ನಿರ್ವಹಣೆಯವರನ್ನು ಕರೆಸಿ ತಂತಿಹಗ್ಗ ಬದಲಿಸಿದೆವು, ಕೇಳಿದ ದಾಖಲೆಗಳನ್ನೆಲ್ಲ ಕೊಟ್ಟೆವು. ಉಳಿದದ್ದು ತಮ್ಮ ಸ್ಥಳ ಪರಿಶೀಲನೆ, ತಮ್ಮ ಒಂದು ಸಹಿ.

ಏಳನೆಯ ವಾರ, ಒಂದು ಗುರುವಾರ, ತಾವು ಬಂದಿರಿ. ನಾವೆಲ್ಲ ಕೆಳಗೆ ನಿಂತಿದ್ದೆವು. ತಾವು ಲಿಫ್ಟಿನ ತಳದ ಹೊಂಡಕ್ಕೆ ಬ್ಯಾಟರಿ ಬಿಟ್ಟು ನೋಡಿದಿರಿ, ಬಾಗಿಲು ತಟ್ಟಿ ನೋಡಿದಿರಿ, ಆಮೇಲೆ ಯಂತ್ರಕೋಣೆ ಎಲ್ಲಿದೆ ಎಂದು ಕೇಳಿದಿರಿ.

"ಟೆರೇಸ್ ಮ್ಯಾಲ ಐತ್ರಿ ಸರ್" ಅಂದರು ಯಾರೋ.

"ಐದನೇ ಮಹಡಿ ಮ್ಯಾಲೇನ್ರಿ?"

"ಹೌದ್ರಿ."

"ಲಿಫ್ಟ್ ಬಂದ್ ಐತಲ್ರಿ. ಮತ್ತ ಹೆಂಗ ಹೋಗೂದು?"

ಯಾರೂ ನಗಲಿಲ್ಲ. ತಾವು ತಮಾಷೆ ಮಾಡುತ್ತಿದ್ದೀರೆಂದು ನಾನು ಒಂದು ಕ್ಷಣ ಅಂದುಕೊಂಡೆ. ಅಷ್ಟರಲ್ಲಿ ತಾವು ಮೆಟ್ಟಿಲು ಹತ್ತತೊಡಗಿದಿರಿ. ಮೊದಲನೆಯ ಮಹಡಿ ದಾಟಿ ತಿರುವಿನಲ್ಲಿ ಕಟಾಂಜನ ಹಿಡಿದು ನಿಂತಿರಿ, ಬಲಗೈ ಬಲ ಮೊಣಕಾಲ ಮೇಲೆ ಹೋಯಿತು. ನನ್ನ ಕಣ್ಣಿಗೆ ಅದು ತಪ್ಪಲಿಲ್ಲ. ಆ ಕೈ ಹಾಗೆ ಹೋಗುವುದನ್ನು ದಿನಾ ಮನೆಯಲ್ಲಿ ನೋಡುತ್ತೇನೆ.

"ಸಾವಕಾಶ ಬರ್ರಿ ಸರ್, ಎರಡನೇ ಮಜಲಿನ್ಯಾಗ ಕುರ್ಚಿ ಹಾಕಸ್ತೀನಿ, ಕುಂತ ಹತ್ತೂವಂತ್ರಿ" ಅಂದೆ.

"ಇವತ್ತ ಮೀಟಿಂಗ್ ಐತ್ರಿ. ಇನ್ನೊಂದ ಸಲ ಬರ್ತೀನಿ" ಅಂದಿರಿ, ಇಳಿದಿರಿ, ಹೋದಿರಿ.

ತಮ್ಮ ಕಚೇರಿಯ ಕಡತದಲ್ಲಿ ಇದು ಹೀಗೆ ದಾಖಲಾಗಿದೆ: "ಯಂತ್ರಕೋಣೆಯನ್ನು ಪರಿಶೀಲಿಸಲು ಸಾಧ್ಯವಾಗಿರುವುದಿಲ್ಲ. ಮುಂದಿನ ಪರಿಶೀಲನೆಯವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳುವುದು." ಎಂಥ ಗಂಭೀರವಾದ ವಾಕ್ಯ. ಯಾಕೆ ಸಾಧ್ಯವಾಗಲಿಲ್ಲ ಎಂದು ಅದರಲ್ಲಿಲ್ಲ. ಲಿಫ್ಟು ನಡೆಯದ ಕಾರಣ ಲಿಫ್ಟನ್ನು ಪರಿಶೀಲಿಸಲಾಗಲಿಲ್ಲ, ಪರಿಶೀಲಿಸಲಾಗದ ಕಾರಣ ಲಿಫ್ಟು ನಡೆಯುವಂತಿಲ್ಲ ಎಂದು ನೇರವಾಗಿ ಬರೆದಿದ್ದರೆ ಮುಂದಿನವರಿಗಾದರೂ ಅರ್ಥವಾಗುತ್ತಿತ್ತು. ತಮ್ಮ ಮೊಣಕಾಲನ್ನು ನಾನು ಹಾಸ್ಯ ಮಾಡುತ್ತಿಲ್ಲ, ಸ್ವಾಮಿ. ನೋವು ನೋವೇ. ಆದರೆ ಇಪ್ಪತ್ತೆಂಟು ಮೆಟ್ಟಿಲಿಗೆ ಸೋತ ತಮಗೆ, ಐವತ್ತೇಳು ಮೆಟ್ಟಿಲಿನ ಮೇಲೆ ಸಿಕ್ಕಿಹಾಕಿಕೊಂಡವರ ನೆನಪು ಜೀಪಿನಲ್ಲಿ ಕೂತಾಗಲಾದರೂ ಬರಲಿಲ್ಲವೆ?

ಆಮೇಲೆ ನಾನು ತಮ್ಮ ಕಚೇರಿಗೆ ಐದು ಸಲ ಬಂದೆ. ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಡುತ್ತಾರೆ.

"ಸಾಹೇಬ್ರಿಗೆ ಎರಡ ಜಿಲ್ಲಾ ಚಾರ್ಜ್ ಐತ್ರಿ ಅಮ್ಮಾರ. ಗುರುವಾರ ಅಷ್ಟ ಇಲ್ಲಿರತಾರ."

"ಹೋದ ಗುರುವಾರ ಬಂದಿದ್ನೆಲ್ರಿ, ಇರಲಿಲ್ಲ."

"ರಜಾ ಹಾಕಿದ್ರು."

"ಅದರ ಹಿಂದಿನ ಗುರುವಾರ?"

"ಬಂದಿದ್ರು ಖರೆ. ನಿಮ್ಮ ಫೈಲ್ ಮ್ಯಾಲ ಹೋಗಿರಲಿಲ್ಲ."

"ಎಲ್ಲಿತ್ರಿ ಅದು?"

"ಕೆಳಗಿನ ಸೆಕ್ಷನ್‌ದಾಗ ಇತ್ರಿ."

ನಮ್ಮ ಕಾಗದಕ್ಕೂ ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂದು ತಿಳಿದು ಮನೆಗೆ ಬಂದೆ. ತಮ್ಮ ಸಹಾಯಕರನ್ನು ಕಳಿಸಿ ನೋಡಿಸಿ ಎಂದು ಕೇಳಿದರೆ, ಅವರು ನೋಡಬಹುದು, ಆದರೆ ಅವರು ನೋಡಿದ್ದು ನಿಯಮದ ಪ್ರಕಾರ ನೋಡಿದಂತಾಗುವುದಿಲ್ಲ ಎಂಬ ಉತ್ತರ ಬಂತು.

ಈಗ ಶಿಗ್ಲಿಯ ಸಂಗತಿ. ದಸರೆ ಕಳೆದ ವಾರ, ಬೆಳಗ್ಗೆ ಹತ್ತು ಗಂಟೆಗೆ ಫೋನು ಬಂತು. ಗುರುಸಿದ್ದವ್ವ ತೀರಿಕೊಂಡಿದ್ದಳು. ಹನ್ನೆರಡು ಗಂಟೆಗೆ ಮಣ್ಣು ಮಾಡುವುದಾಗಿ ಸೊಸೆ ಕಾಂಚನಾ ಹೇಳಿದಳು. ಕೆಲಸದ ದಿನ, ಕಟ್ಟಡದಲ್ಲಿ ಗಂಡಸರು ಯಾರೂ ಇರಲಿಲ್ಲ. ಅಂಗಡಿಯಲ್ಲಿದ್ದ ಫಕೀರಬಿಯ ಮಗ ಅಝೀಮನಿಗೆ ಫೋನು ಮಾಡುತ್ತೇನೆ, ಕುರ್ಚಿಯಲ್ಲಿ ಹೊತ್ತು ಇಳಿಸುತ್ತಾರೆ ಎಂದರೆ ಅಕ್ಕ ಒಪ್ಪಲಿಲ್ಲ.

"ಹೊತ್ತಕೊಂಡ ಹೋಗೂದು ಹೆಣಾನ. ನಾ ಇನ್ನೂ ಅದೀನಿ. ಕುಂಡ್ರತ ಕುಂಡ್ರತ ಇಳೀತೀನಿ ನಡಿ."

ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅವಳು ಮೊದಲ ಮೆಟ್ಟಿಲ ಮೇಲೆ ಕುಳಿತಳು. ಎರಡೂ ಕೈ ಊರಿ, ದೇಹವನ್ನು ಎತ್ತಿ, ಕೆಳಗಿನ ಮೆಟ್ಟಿಲಿಗೆ ಜಾರಿಸಿದಳು. ಮತ್ತೆ ಹಾಗೆಯೇ. ಮುರಿದು ಕೂಡಿದ ಮಣಿಕಟ್ಟು ನೋಯುವಾಗ ತುಟಿ ಕಚ್ಚುತ್ತಿದ್ದಳು. ನಾನು ಒಂದು ಮೆಟ್ಟಿಲು ಮುಂದೆ, ಅವಳ ಪಾದ ಹಿಡಿದುಕೊಂಡು ಹಿಂದುಹಿಂದಕ್ಕೆ ಇಳಿಯುತ್ತಿದ್ದೆ. ಮೊದಲನೆಯ ಮಹಡಿಗೆ ಬಂದಾಗ ಫಕೀರಬಿ ಬಾಗಿಲಲ್ಲಿ ನಿಂತು ನೀರು ಕೊಟ್ಟರು. "ಅಕ್ಕಾರ, ಇನ್ನ ಸ್ವಲ್ಪ ಅದಾವ. ಇಳದ್ರಿ, ಇಳದ್ರಿ" ಎನ್ನುತ್ತ ಕಣ್ಣೊರೆಸಿಕೊಂಡರು. ಐವತ್ತೇಳು ಮೆಟ್ಟಿಲಿಗೆ ಒಂದು ತಾಸು ಹತ್ತು ನಿಮಿಷ ಹಿಡಿಯಿತು. ಅಕ್ಕನ ಸೀರೆ ಹಿಂದೆ ಸವೆದು ಹರಿದಿತ್ತು. ಸೆರಗನ್ನು ಸುತ್ತಿ ಮುಚ್ಚಿಕೊಂಡು ಕಾರಿನಲ್ಲಿ ಕೂತಳು.

ಶಿಗ್ಲಿ ಮುಟ್ಟಿದಾಗ ಎಲ್ಲ ಮುಗಿದಿತ್ತು. ಜನ ಕೈಕಾಲು ತೊಳೆದುಕೊಳ್ಳುತ್ತಿದ್ದರು. "ದೊಡ್ಡವ್ವಾ, ನೀವ ಬರ್ತೀರಂತ ಅರ್ಧ ತಾಸ ಕಾದ್ವಿ. ಬಿಸಲ ಬಾಳ ಇತ್ತು" ಅಂದಳು ಕಾಂಚನಾ. ಅವಳದೇನೂ ತಪ್ಪಿಲ್ಲ. ಅಕ್ಕ ಹಸಿ ಮಣ್ಣಿನ ಗುಡ್ಡೆಯ ಪಕ್ಕ ನಿಂತಳು, ಬಗ್ಗಲಾಗದೆ ನನ್ನ ಕೈಯಿಂದ ಒಂದು ಹಿಡಿ ಮಣ್ಣು ತೆಗೆಸಿಕೊಂಡು ಹಾಕಿದಳು. ಅಳಲಿಲ್ಲ. "ಹಾದಿ ಬಾಳ ಆತವಾ, ಗುರಸಿದ್ದೀ" ಅಂದಳು. ಗದಗಿನಿಂದ ಶಿಗ್ಲಿಯ ಹಾದಿಯ ಮಾತನ್ನು ಅವಳು ಆಡಲಿಲ್ಲ, ಮಾನ್ಯರೇ.

ಐದು ಗಂಟೆಗೆ ಹಿಂದಿರುಗಿದೆವು. ಮೆಟ್ಟಿಲಿನ ಬುಡದಲ್ಲಿ ನಿಂತು ಅವಳು ಮೇಲೆ ನೋಡಿದಳು. ಕೂತು ಇಳಿಯಬಹುದು, ಕೂತು ಹತ್ತುವುದು ಹೇಗೆ? ಅಝೀಮ ಟೈರಿನ ಅಂಗಡಿಯಿಂದ ಇಬ್ಬರನ್ನು ಕರೆದುಕೊಂಡು ಬಂದು, ಪ್ಲಾಸ್ಟಿಕ್ ಕುರ್ಚಿಗೆ ಅವಳನ್ನು ಚಾದರದಿಂದ ಕಟ್ಟಿದ. "ಕಣ್ಣ ಮುಚ್ಚಕೊಳ್ರಿ ಅವ್ವಾರ. ನಮ್ಮ ಅವ್ವನ್ನ ಹೊತ್ತಂಗ ಹೊರತೀನಿ" ಅಂದ. ಎರಡನೆಯ ಮಹಡಿಯ ತಿರುವಿನಲ್ಲಿ ಕುರ್ಚಿ ವಾಲಿತು. ಅಕ್ಕ ಗಾಬರಿಯಾಗಿ ಅವನ ಅಂಗಿಯ ಎದೆ ಹಿಡಿದುಬಿಟ್ಟಳು, ಎರಡು ಗುಂಡಿ ಕಿತ್ತು ಬಿದ್ದವು. ಮೇಲೆ ಬಂದು ಕೂತ ಮೇಲೆ ಅವಳು ನೀರು ಕೇಳಲಿಲ್ಲ, ಸೂಜಿ ದಾರ ಕೇಳಿದಳು. ಅವನನ್ನು ಎದುರು ಕೂರಿಸಿಕೊಂಡು, ಎರಡೂ ಗುಂಡಿ ಹಚ್ಚಿ, ದಾರ ಕಡಿದು, ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಇನ್ನ ನಾ ಇಳಿಯೂದಿಲ್ಲ."

ಅಂದಿನಿಂದ ಇಳಿದಿಲ್ಲ. ಲಿಫ್ಟು ನಿಂತ ಮೇಲೆ ನಾಲ್ಕು ಗಂಟೆಗೆ ಬಾಲ್ಕನಿಯಲ್ಲಾದರೂ ನಿಲ್ಲುತ್ತಿದ್ದಳು, ಅದನ್ನೂ ಬಿಟ್ಟಿದ್ದಾಳೆ. ಸಾರ್ವಜನಿಕರ ಸುರಕ್ಷತೆಗಾಗಿ ತಾವು ಹಾಕಿದ ಮೊಹರು ನನ್ನ ಅಕ್ಕನನ್ನು ಎಷ್ಟು ಭದ್ರವಾಗಿ ಇಟ್ಟಿದೆಯೆಂದರೆ, ಅವಳಿಗೆ ಬೀದಿಯ ಧೂಳು ಕೂಡ ತಗಲುತ್ತಿಲ್ಲ. ಹೋದ ಭಾನುವಾರದ ಸಭೆಯಲ್ಲಿ ಕೆಲವರು ಮೊಹರು ಒಡೆದು ಲಿಫ್ಟು ನಡೆಸೋಣ ಎಂದರು. ನಾನೇ ಎದ್ದು ಬೇಡವೆಂದೆ. ಪರಿಶೀಲನೆಯಾಗದ ಲಿಫ್ಟಿನಲ್ಲಿ ನನ್ನ ಅಕ್ಕನನ್ನಾಗಲಿ, ಇನ್ನೊಬ್ಬರ ಮಗುವನ್ನಾಗಲಿ ನಾನು ನಿಲ್ಲಿಸಲಾರೆ. ಕಾನೂನಿನ ಮೇಲೆ ನನಗೆ ಇರುವಷ್ಟು ನಂಬಿಕೆ ತಮ್ಮ ಕಚೇರಿಗೂ ಇರಲಿ ಎಂಬುದಷ್ಟೇ ನನ್ನ ಕೋರಿಕೆ.

ಸಭೆ ಮುಗಿಸಿ ಮನೆಗೆ ಬಂದಾಗ ಅಕ್ಕ ಕೇಳಿದಳು. "ಅಮೃತಾ, ಲಕ್ಷ್ಮೇಶ್ವರದಾಗ ಯಾರದರೆ ಮನ್ಯಾಗ ಒಂದ ಕೋಣಿ ಬಾಡಗಿಗೆ ಸಿಗತೈತೇನ ನೋಡ. ನೆಲದ ಮ್ಯಾಲಿಂದು ಇರಲಿ. ಸಣ್ಣದಾದ್ರೂ ಆತು."

ಏಳು ಕೋಣೆಯ ಸ್ವಂತ ಮನೆಯನ್ನು ಅವಳಿಂದ ಮಾರಿಸಿದವಳು ನಾನು. ನೋಡುತ್ತೇನೆ ಎಂದೆ.

ನನ್ನ ಬೇಡಿಕೆ ದೊಡ್ಡದಲ್ಲ. ಬರುವ ಗುರುವಾರ ತಾವು ಬನ್ನಿ, ಅಥವಾ ಮೆಟ್ಟಿಲು ಹತ್ತಬಲ್ಲ ಒಬ್ಬರಿಗೆ ಬರವಣಿಗೆಯಲ್ಲಿ ಅಧಿಕಾರ ಕೊಟ್ಟು ಕಳಿಸಿ. ಯಂತ್ರಕೋಣೆಯ ಬಾಗಿಲು ತೆಗೆದು ನೋಡಿ. ಲಿಫ್ಟು ಸರಿಯಿದ್ದರೆ ಸರಿಯಿದೆ ಎಂದು ಬರೆಯಿರಿ. ಸರಿಯಿಲ್ಲದಿದ್ದರೆ ಏನು ಸರಿಯಿಲ್ಲ ಎಂದು ಬರೆಯಿರಿ, ಮಾಡಿಸುತ್ತೇವೆ. "ಸಾಧ್ಯವಾಗಿರುವುದಿಲ್ಲ" ಎಂದು ಮಾತ್ರ ಇನ್ನೊಮ್ಮೆ ಬರೆಯಬೇಡಿ. ಆ ಪದವನ್ನು ಬರೆಯುವ ಹಕ್ಕು ಈ ಕಟ್ಟಡದಲ್ಲಿ ತಮಗಿಂತ ಮೊದಲು ನನ್ನ ಅಕ್ಕನಿಗಿದೆ, ಅವಳು ಶಿಗ್ಲಿಗೆ ಹೊರಟ ದಿನ ಅದನ್ನು ಬಳಸಲಿಲ್ಲ.

ಇಂತಿ,
ಮೂರನೆಯ ಮಹಡಿಯಲ್ಲಿ ಸ್ವಂತ ಮನೆ ಇದ್ದೂ ಲಕ್ಷ್ಮೇಶ್ವರದಲ್ಲಿ ನೆಲಮಟ್ಟದ ಬಾಡಿಗೆ ಕೋಣೆ ವಿಚಾರಿಸುತ್ತಿರುವ,
ಅಮೃತವ್ವ
ನಿವೃತ್ತ ಆರೋಗ್ಯ ಸಹಾಯಕಿ, ಗದಗ-ಬೆಟಗೇರಿ