ಮೈನೋಟದವಳ ಮಗಳು

ಕೃಷ್ಣೆಯ ಮೇಲ್ದಂಡೆ, ಮೂರನೆಯ ಓಣಿ
ಫೆಬ್ರವರಿ ೩೦, ೨೧೯೮

ನೂರ ಎಪ್ಪತ್ತು ವರ್ಷ ಹಿಂದೆ ಬದುಕುತ್ತಿರುವ ನಿಮಗೆ,

ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಸತ್ತವರ ನೆನಪಿಗೆಂದು ಬಿಟ್ಟಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ಹೊಸತಾಗಿ, ಒರಟಾಗಿ ಕೇಳಿಸಬಹುದು. ಕ್ಷಮಿಸಿ. ಅಂಥ ಕಡೆ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮಗೆ ಮುಟ್ಟುವ ದಾರಿ ಯಾವುದೂ ಇಲ್ಲ ಎಂಬುದೂ ನನಗೆ ಗೊತ್ತು. ಆದರೆ ನಮ್ಮ ಓಣಿಯ ಖತೀಜಾಬಿ, "ಮಗಳಿಗೆ ಬರೀಲಿಕ್ಕೆ ಆಗದಿದ್ರ, ಮುಖ ತೋರಸಬೇಕಾಗಿಲ್ಲದವರಿಗೆ ಯಾರಿಗರ ಬರಿ ದಾನಮ್ಮ" ಎಂದರು. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಇಪ್ಪತ್ತೆರಡು ವರ್ಷ ಮೈನೋಟದ ಕೆಲಸ ಮಾಡಿದವಳು. ನಿಮ್ಮ ಕಾಲದಲ್ಲಿ ಗಾಯ ಕೀವಾದರೆ ನುಂಗಲು ಮಾತ್ರೆಗಳಿದ್ದವಂತೆ. ಅವು ಕೆಲಸ ಮಾಡುವುದನ್ನು ನಿಲ್ಲಿಸಿ ನೂರು ವರ್ಷವಾಯಿತು. ನಮಗೆ ಸಣ್ಣ ಗಾಯವೂ ಹೆದರಿಕೆಯ ವಿಷಯ. ಮನೆಯಲ್ಲಿ ಈಳಿಗೆಮಣೆ ಇಡುವಂತಿಲ್ಲ. ತರಕಾರಿ ಹೆಚ್ಚಿಯೇ ಬರುತ್ತದೆ. ಹೊಲಕ್ಕೆ ಹೋಗುವವರು ಮೊಣಕಾಲಿನವರೆಗೆ ದಪ್ಪ ಬಟ್ಟೆ ಸುತ್ತಿಕೊಳ್ಳುತ್ತಾರೆ. ಊರ ಸುತ್ತಲಿನ ಜಾಲಿ ಮರಗಳನ್ನೆಲ್ಲ ನಮ್ಮ ಅಜ್ಜಂದಿರೇ ಕಡಿದು ಹಾಕಿದ್ದಾರೆ. ಪ್ರತಿ ಸೋಮವಾರ ಓಣಿಯ ಎಲ್ಲರೂ ಸಾಲಾಗಿ ಬಂದು ನನ್ನಂಥವರ ಮುಂದೆ ಕೈ, ಕುತ್ತಿಗೆ, ಬೆನ್ನು ತೋರಿಸಬೇಕು. ಅದೇ ಮೈನೋಟ. ಹಸಿ ಗಾಯ ಕಂಡರೆ ಅವರನ್ನು ಹೊರಮನೆಗೆ ಕಳಿಸುತ್ತೇವೆ. ಗಾಯ ಒಣಗುವವರೆಗೆ ಒಬ್ಬರೇ ಇರುವ ಗಾಜಿನ ಕೋಣೆ ಅದು. ನೋಡುವವಳ ಕೈಗೆ ಮೊಣಕೈವರೆಗೆ ಗವಸು ಇರುತ್ತದೆ. ನೋಡುವವಳ ಕೈಯನ್ನು ಯಾರೂ ನೋಡುವುದಿಲ್ಲ.

ನನ್ನ ಮಗಳು ಮಂದಾಕಿನಿ. ಹನ್ನೊಂದನೇ ವಯಸ್ಸಿಗೆ ಅವಳು ಉಗುರಿನ ಪಕ್ಕದ ಚರ್ಮ ಕಿತ್ತುಕೊಳ್ಳಲು ಶುರುಮಾಡಿದಳು. ಹದಿನಾಲ್ಕಕ್ಕೆ ಅದು ಮೊಡವೆಗೆ, ತೋಳಿಗೆ ಹಬ್ಬಿತು. ಓದುವಾಗ, ಯಾರೋ ಬೈದಾಗ, ಏನೂ ಕೆಲಸವಿಲ್ಲದೆ ಸುಮ್ಮನೆ ಕೂತಾಗ ಬೆರಳು ತಾನೇ ಹುಡುಕಿಕೊಂಡು ಹೋಗುತ್ತಿತ್ತು. ಒಣಗಿದ ಹಕ್ಕಳೆಯನ್ನು ಮತ್ತೆ ಕಿತ್ತು ರಕ್ತ ಬರಿಸಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಕನ್ನಡಿಯ ಮುಂದೆ ಅವಳನ್ನು ಹಿಡಿದು ನಿಲ್ಲಿಸಿ, "ನಿನಗ ನಾಚಿಕಿ ಅನ್ನೂದು ಐತೋ ಇಲ್ಲೋ? ನನ್ನ ಮಗಳಾಗಿ ಹಿಂಗ ಮಾಡ್ತೀ" ಎಂದೆ.

"ಬೇಕಂತ ಮಾಡೂದಿಲ್ಲವ್ವಾ," ಎಂದಳು. "ಕೈ ಯಾವಾಗ ಹೋಗ್ತೈತಿ ಗೊತ್ತ ಆಗೂದಿಲ್ಲ. ಕಿತ್ತಾಗ ಒಂದು ಗಳಿಗಿ ತಲಿಯೊಳಗ ಎಲ್ಲಾ ತಣ್ಣಗ ಆಗ್ತೈತಿ. ಆಮ್ಯಾಲೆ ನನ್ನ ಮ್ಯಾಲೆ ನನಗ ಹೇಸಿಗಿ."

ಅವಳು ಹೇಳಿದ ಒಂದೊಂದು ಮಾತೂ ನನಗೆ ಗೊತ್ತಿತ್ತು. ಏಳನೇ ವಯಸ್ಸಿನಿಂದ ನಾನು ಉಗುರು ಕಚ್ಚುತ್ತೇನೆ. ಉಗುರು ಮುಗಿದ ಮೇಲೆ ಅದರಡಿಯ ಮಾಂಸ. ಹತ್ತು ಬೆರಳಿಗೂ ಅರ್ಧ ಉಗುರೇ ಇರುವುದು. ಮೈನೋಟದ ಕೆಲಸಕ್ಕೆ ನಾನು ಸೇರಿದ್ದೇ ಆ ಗವಸಿಗಾಗಿ. ಮನೆಯಲ್ಲೂ ಬಟ್ಟೆಯ ಗವಸು ಹಾಕಿಕೊಂಡೇ ಇರುತ್ತಿದ್ದೆ. ರೊಟ್ಟಿ ಬಡಿಯುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದೆ. "ನನಗೂ ಹಂಗ ಆಗ್ತೈತಿ ಮಂದಾ" ಎಂಬ ನಾಲ್ಕು ಶಬ್ದ ಆ ಮಧ್ಯಾಹ್ನ ನಾಲಿಗೆಯ ಮೇಲೇ ಇದ್ದವು. ಹೇಳಲಿಲ್ಲ. ಅದರ ಬದಲು ಅವಳ ಕೆನ್ನೆಗೆ ಹೊಡೆದೆ.

ಆಮೇಲೆ ಬೆರಳಿಗೆ ಬೇವಿನ ರಸ ಹಚ್ಚಿದೆ. ಕೈಗೆ ಕಾಲುಚೀಲ ಕಟ್ಟಿ ಮಲಗಿಸಿದೆ. ಕನ್ನಡಿ ತೆಗೆದೆ. ನೆಂಟರ ಮುಂದೆ ಅವಳ ತೋಳು ಎಳೆದು ತೋರಿಸಿದೆ, ಅವಮಾನವಾದರೆ ಬಿಡುತ್ತಾಳೆ ಎಂದು. ಅವಳು ಬಿಡಲಿಲ್ಲ, ಕಾಣದ ಜಾಗಗಳಿಗೆ ಹೋದಳು. ಸೋಮವಾರದ ದಿನ ಅವಳ ಸರದಿ ನನ್ನ ಮುಂದೆ ಬಂದಾಗ ನಾನು ನೋಡದೆಯೇ ಪಟ್ಟಿಯಲ್ಲಿ 'ಸ್ವಚ್ಛ' ಎಂದು ಬರೆದು ಕಳಿಸುತ್ತಿದ್ದೆ. ಅದನ್ನು ಮಮತೆ ಎಂದುಕೊಂಡಿದ್ದೆ.

ಹದಿನೇಳನೇ ವಯಸ್ಸಿನಲ್ಲಿ ಅವಳು ನನಗೆ ಹೇಳದೆ ಖತೀಜಾಬಿಯವರ ಬಳಿ ಹೋದಳು. ಅವರು ಶಾಲೆಯ ಅಕ್ಕೋರಾಗಿದ್ದವರು, ಈಗ ನಮ್ಮ ಓಣಿಯ ಕೇಳುಗರು. ಮನಸ್ಸಿಗೆ ಭಾರವಾದವರು ಹೋಗಿ ಮಾತಾಡುವುದು ಕೇಳುಗರ ಹತ್ತಿರ. ನೀವು ಆಪ್ತಸಮಾಲೋಚಕರು ಎನ್ನುತ್ತಿದ್ದಿರಂತೆ. ಮಂದಾ ಮನೆಗೆ ಬಂದಾಗ ಅವಳ ಮುಖವೇ ಬೇರೆಯಾಗಿತ್ತು.

"ಅವ್ವಾ, ಇದು ಹಟ ಅಲ್ಲಂತ, ಒಂದು ಥರಾ ಬ್ಯಾನಿ ಅಂತ. ಭಾಳ ಮಂದಿಗೆ ಇರ್ತೈತಂತ. ಎಲ್ಲಾರೂ ಮುಚ್ಚಿಡ್ತಾರಂತ. ಅಕ್ಕೋರು ನಿನ್ನೂ ಕರಕೊಂಡು ಬಾ ಅಂದಾರ."

ಖತೀಜಾಬಿ ಅವಳಿಗೆ ಒಂದು ವಹಿ ಕೊಟ್ಟಿದ್ದರು. ಕೈ ಯಾವ ಹೊತ್ತಿಗೆ ಹೋಯಿತು, ಅದಕ್ಕೆ ಮುಂಚೆ ಮನಸ್ಸಿನಲ್ಲಿ ಏನಿತ್ತು ಎಂದು ಅದರಲ್ಲಿ ಬರೆಯಬೇಕು. ಕೈ ಹೋಗುತ್ತಿದೆ ಎನಿಸಿದ ಕೂಡಲೇ ಮುಷ್ಟಿ ಬಿಗಿ ಹಿಡಿದು ನೂರು ಎಣಿಸಬೇಕು, ಇಲ್ಲವೇ ಒಂದು ನೂಲಿನ ಹಗ್ಗಕ್ಕೆ ಗಂಟು ಹಾಕಿ ಬಿಚ್ಚಬೇಕು. ತಪ್ಪಿದ ದಿನ ತನ್ನನ್ನು ಬೈದುಕೊಳ್ಳದೆ ಮತ್ತೆ ಶುರುಮಾಡಬೇಕು. ಮೂರು ವಾರ ಅವಳು ಹಾಗೇ ಮಾಡಿದಳು. ಎಡತೋಳಿನ ಗಾಯಗಳು ಒಣಗಿ ಗುಲಾಬಿ ಬಣ್ಣದ ಹೊಸ ಚರ್ಮ ಬಂತು. ಅದನ್ನು ನನ್ನ ಕಣ್ಣಾರೆ ನೋಡಿದೆ.

ನೋಡಿ ನನಗೆ ಭಯವಾಯಿತು. ಮುಂದಿನ ವಾರ ಖತೀಜಾಬಿ ನನ್ನ ಗವಸು ತೆಗೆಸಿದರೆ? ಮೈನೋಟದವಳ ಕೈಯೇ ಹೀಗೆ ಎಂದು ಓಣಿಗೆ ಗೊತ್ತಾದರೆ? "ತಲಿ ಕೆಟ್ಟವರು ಹೋಗೂ ಜಾಗ ಅದು. ಇನ್ನೊಮ್ಮೆ ಅಲ್ಲಿ ಹೆಜ್ಜಿ ಇಟ್ಟಿ ಅಂದ್ರ ನನ್ನ ಮಗಳಲ್ಲ ನೀನು" ಎಂದು ವಹಿಯನ್ನು ಒಲೆಗೆ ಹಾಕಿದೆ. ಅವಳು ಅಳಲಿಲ್ಲ. ತೋಳಿನ ಬಟ್ಟೆಯನ್ನು ಕೆಳಗೆ ಎಳೆದುಕೊಂಡು ಒಳಗೆ ಹೋದಳು. ಮತ್ತೆ ಖತೀಜಾಬಿಯವರ ಮನೆಗೆ ಹೋಗಲಿಲ್ಲ.

ಎರಡು ವರ್ಷದ ಮೇಲೆ, ಹೋದ ವರ್ಷದ ಶ್ರಾವಣದಲ್ಲಿ, ಅವಳ ತೊಡೆಯ ಗಾಯ ಕೀವಾಯಿತು. ಒಂಬತ್ತು ದಿನ ನನಗೆ ಹೇಳಲಿಲ್ಲ. ನಡೆಯುವಾಗ ಕಾಲೆಳೆಯುತ್ತಿದ್ದುದನ್ನು ಕಂಡು ಕೇಳಿದರೆ ಉಳುಕಿದೆ ಎಂದಳು. ಜ್ವರದಲ್ಲಿ ನೀರಮನೆಯಲ್ಲಿ ಬಿದ್ದಾಗಲೇ ನಾನು ಅದನ್ನು ನೋಡಿದ್ದು. ಹೊರಮನೆಗೆ ಕಳಿಸುವ ಚೀಟಿಯನ್ನು ನಾನೇ ಬರೆದೆ.

ಹನ್ನೊಂದು ದಿನ ಗಾಜಿನ ಆಚೆ ಇದ್ದಳು. ಬಿಸಿನೀರಿನ ಕಾವು, ಜೇನು, ಅರಿಶಿನ, ಉಪ್ಪು; ನಮ್ಮಲ್ಲಿ ಇರುವುದು ಅಷ್ಟೇ. ಒಂಬತ್ತನೇ ದಿನ ಅವಳು ಗಾಜಿಗೆ ಅಂಗೈ ಹಚ್ಚಿದಳು. ನಾನು ಗವಸು ತೆಗೆದು ಈಚೆಯಿಂದ ಕೈ ಹಚ್ಚಿದೆ. ಯಾಕೆ ತೆಗೆದೆನೋ ಗೊತ್ತಿಲ್ಲ. ಅವಳು ನನ್ನ ಬೆರಳುಗಳನ್ನು ತುಂಬ ಹೊತ್ತು ನೋಡಿದಳು.

"ನಿನಗೂ ಐತೇನವ್ವಾ?"

"ಸಣ್ಣಾಕಿ ಇದ್ದಾಗಿಂದ," ಎಂದೆ.

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. "ನಾನೊಬ್ಬಾಕಿನ ಹಿಂಗ ಅದೀನಿ ಅಂತ ತಿಳಕೊಂಡಿದ್ದೆ," ಎಂದು ಮಾತ್ರ ಅಂದಳು. ಅದಾಗಿ ಎರಡು ದಿನಕ್ಕೆ ತೀರಿಕೊಂಡಳು. ಹತ್ತೊಂಬತ್ತು ವರ್ಷ.

ನಾನು ಈಗ ಆರು ತಿಂಗಳಿಂದ ಖತೀಜಾಬಿಯವರ ಬಳಿ ಹೋಗುತ್ತಿದ್ದೇನೆ. ಮೈನೋಟದ ಕೆಲಸ ಬಿಟ್ಟೆ. ಓಣಿಯವರಿಗೆಲ್ಲ ಕೈ ತೋರಿಸಿದೆ. ಮೂವರು ಹೆಂಗಸರು, ಒಬ್ಬರು ಮುದುಕರು ಆಮೇಲೆ ಒಬ್ಬೊಬ್ಬರೇ ಬಂದು ತಮ್ಮ ಕೈ ತೋರಿಸಿ ಹೋದರು. ಇದರಿಂದ ನನಗೆ ಸಮಾಧಾನವೇನೂ ಆಗಿಲ್ಲ. ಉಗುರು ಬೆಳೆದಿಲ್ಲ. ಈ ಕಾಗದ ಬರೆಯುವಾಗಲೇ ಎರಡು ಸಲ ಬೆರಳು ಬಾಯಿಗೆ ಹೋಗಿದೆ. ವಾಸಿಯಾದರೂ ಯಾರಿಗೆ ತೋರಿಸಲಿ ಎಂದು ಒಮ್ಮೊಮ್ಮೆ ಅನಿಸುತ್ತದೆ. ಅದನ್ನು ಹೇಳಿದಾಗ ಖತೀಜಾಬಿ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತುಕೊಳ್ಳುತ್ತಾರೆ.

ನಿಮ್ಮ ಕಾಲದಲ್ಲಿ ಗಾಯ ಮಾಯುತ್ತದೆ. ಚರ್ಮದ ಡಾಕ್ಟರಿದ್ದಾರೆ, ಮನಸ್ಸಿನ ಡಾಕ್ಟರಿದ್ದಾರೆ, ಈ ಬೇನೆಯನ್ನು ಅರಿತು ಕೂತು ಕೇಳುವವರಿದ್ದಾರೆ. ನಿಮ್ಮ ಮಗು ಚರ್ಮ ಕಿತ್ತುಕೊಳ್ಳುತ್ತಿದ್ದರೆ ಕೈ ಕಟ್ಟಬೇಡಿ, ಕಹಿ ಹಚ್ಚಬೇಡಿ, ನಾಲ್ಕು ಜನರ ಮುಂದೆ ತೋಳು ಎಳೆದು ತೋರಿಸಬೇಡಿ. ನಿಮಗೇ ಇದ್ದರೆ ಅದನ್ನು ಮಗುವಿಗೆ ಮೊದಲು ಹೇಳಿ. ಹೇಳುವಾಗ ನಾಚಿಕೆಯಾಗುತ್ತದೆ, ಆಗಲಿ. ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತಿಗೆ ಇಬ್ಬರೂ ಹೋಗಿ. ಸರದಿ ಉದ್ದವಿದ್ದರೆ ಅಲ್ಲೇ ಬೆಂಚಿನ ಮೇಲೆ ಅವಳ ಪಕ್ಕ ಕೂತುಕೊಳ್ಳಿ, ಎದ್ದು ಬರಬೇಡಿ.

ಇತಿ,
ಮಂದಾಕಿನಿಯ ತಾಯಿ ದಾನಮ್ಮ